ಕಾಗೆ ಮುಟ್ಟಿದ ಸುದ್ದಿ

ರೊಮೇನಿಯಾ
10 ಆಗಸ್ಟ್ 2025

ನರಸಕ್ಕ ಅತ್ತೆಗೆ ನಿನ್ನ ನಾಗೂ ಮಾಡುವ ಶರಣು.

ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ, ಕನ್ನಡಕ ಹುಡುಕುವ ನೆಪ ಹೇಳಬೇಡ. ಫೋನು ಮಾಡಿದರೆ ನಿನಗೆ ಕಿವಿ ಕೇಳುವುದಿಲ್ಲ. ಮಗಳು ಹೇಮಾಳ ಫೋನಿಗೆ ಮೆಸೇಜು ಹಾಕಿದರೆ, "ನನ್ನ ತಮ್ಮನ ಮಗಳು ನನಗೆ ಹೇಳಿದ್ದನ್ನ ಮೊಮ್ಮಗಳ ಬಾಯಲ್ಲಿ ಕೇಳಬೇಕೇನೆ?" ಎನ್ನುತ್ತೀ. ಅದಕ್ಕೇ ಕಾಗದ. ತಲುಪಲು ಎರಡು ಮೂರು ವಾರವಾಗುತ್ತದಂತೆ. ಅಲ್ಲಿಯವರೆಗೆ ನನ್ನ ಮೇಲೆ ಸಿಟ್ಟಾಗಬೇಡ.

ಕೆಲಸ ಚೆನ್ನಾಗಿದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದ ಮೆಷಿನ್ನೇ ಇಲ್ಲೂ ಇದೆ. ಅದರ ಮುಂದೆ ಕೂತರೆ ಮನೆಯಲ್ಲೇ ಕೂತಂತೆ. ಮೆಷಿನ್ನಿಗೆ ಮಾತ್ರ ನಾನು ಹೊರಗಿನವಳಲ್ಲ. ಕಂಪನಿಯವರು ಹಳೇ ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಒಂದು ಮನೆ ಹಿಡಿದುಕೊಟ್ಟಿದ್ದಾರೆ. ನಾನು, ಕಲ್ಯಾಣದುರ್ಗದ ಚಂದ್ರಕಲಾ, ನೇಪಾಳದ ಇಬ್ಬರು ಹುಡುಗಿಯರು. ಕಟ್ಟಡದವರು ನಮ್ಮಂಥವರನ್ನು ಮೊದಲು ಕಂಡವರಲ್ಲ. "ಡಿಸೆಂಬರ್‌ವರೆಗೆ ಇರಲಿ, ನೋಡ್ತೀವಿ" ಎಂದು ಕಂಪನಿಗೆ ಹೇಳಿದ್ದಾರಂತೆ. ಡಿಸೆಂಬರ್ ಮೊದಲ ಭಾನುವಾರ ಎಲ್ಲ ಮನೆಯವರೂ ಕೂತು ತೀರ್ಮಾನ ಮಾಡುತ್ತಾರೆ. ಬೇಡವೆಂದರೆ ಈ ಊರಲ್ಲಿ ಬೇರೆ ಮನೆ ಸಿಗುವುದಿಲ್ಲ. ಕಂಪನಿಯವರು ಟಿಕೆಟ್ ಕೊಟ್ಟು ವಾಪಸ್ ಕಳಿಸುತ್ತಾರೆ. ಹಾಗಾದರೆ ಹೇಮಾಳ ನರ್ಸಿಂಗ್ ಓದು ಅಲ್ಲಿಗೇ ನಿಂತಂತೆ. ಅದಕ್ಕೇ ನಾವು ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಓಡಾಡುತ್ತಿದ್ದೇವೆ. ಇದನ್ನು ಹೇಮಾಗೆ ಹೇಳಬೇಡ. ರಾಯದುರ್ಗದಲ್ಲಿರುವ ಅವಳ ಅಪ್ಪನಿಗೂ ಹೇಳಬೇಡ, ಜೀನ್ಸ್ ಬಟ್ಟೆ ಕಟಿಂಗ್ ಮಾಡುತ್ತ ಕೈ ಕೊಯ್ದುಕೊಂಡಾನು.

ಕೆಳಗಿನ ಮನೆಯಲ್ಲಿ ಎಲೆನಾ ಅಂತ ಅಜ್ಜಿ ಇದ್ದಾಳೆ. ಸದಾ ಕರೀ ಬಟ್ಟೆ, ಕರೀ ತಲೆವಸ್ತ್ರ. ಕಟ್ಟಡದಲ್ಲಿ ಅವಳ ಮಾತೇ ನಡೆಯುವುದು. ಬಹಳ ಚೊಕ್ಕದ ಹೆಂಗಸು. ನಾವು ಮೆಟ್ಟಿಲು ಹತ್ತಿ ಹೋದ ಮೇಲೆ ಕಂಬಿ ಒರೆಸುತ್ತಾಳೆ.

ಹೇಮಾ ಕಾಲೇಜಿನಿಂದ ಬಂದ ಕೂಡಲೇ ಏನಾದರೂ ತಿನ್ನಲು ಕೊಡು.

ನಿನ್ನ
ನಾಗವೇಣಿ


ಮಡಕಶಿರಾ
2 ಸೆಪ್ಟೆಂಬರ್ 2025

ನಾಗೂ,

ಕಾಗದ ಬಂತು. ಪೋಸ್ಟಿನವನು ಸ್ಟಾಂಪು ನೋಡಿ ಊರಿಗೆಲ್ಲ ತೋರಿಸಿಯೇ ನನ್ನ ಕೈಗೆ ಕೊಟ್ಟದ್ದು. ನಿನ್ನ ಮಗಳು ಚೆನ್ನಾಗಿದ್ದಾಳೆ. ತಿನ್ನುತ್ತಾಳೆ, ಓದುತ್ತಾಳೆ, ನಾನು ಕಿವುಡಿ ಅಂತ ನನ್ನ ಮುಂದೆಯೇ ಗೆಳತಿಯರ ಜೊತೆ ಗುಟ್ಟು ಮಾತಾಡುತ್ತಾಳೆ. ತುಟಿ ನೋಡಿದರೆ ನನಗೆ ಗೊತ್ತಾಗುತ್ತೆ ಅನ್ನೋದು ಅವಳಿಗಿನ್ನೂ ಗೊತ್ತಿಲ್ಲ.

ಕಂಬಿ ಒರೆಸುವುದು ಚೊಕ್ಕಕ್ಕಲ್ಲ ಕಣೆ. ನನಗೂ ಗೊತ್ತು, ನಿನಗೂ ಗೊತ್ತು. ನನ್ನ ಹತ್ತಿರ ಯಾಕೆ ಬಣ್ಣ ಹಚ್ಚಿ ಬರೆಯುತ್ತೀ?

ಹೊರಗಿನವಳಾಗಲು ವಿಮಾನ ಹತ್ತಬೇಕಾಗಿಲ್ಲ. ನಾನು ರಾಯದುರ್ಗದಿಂದ ಬಸ್ಸಿನಲ್ಲಿ ಬಂದೇ ಆದೆ. ಮದುವೆಯಾಗಿ ಬಂದ ಹೊಸದರಲ್ಲಿ, ಬಾವಿಯ ಹತ್ತಿರ ನಾನು "ಹೌದ್ರಿ, ಬರ್ರಿ" ಅಂದರೆ ಸಾಕು, ಈ ಹೆಂಗಸರು ಕೊಡ ಕೆಳಗಿಟ್ಟು ನಗೋರು. "ಬಳ್ಳಾರಿಯೋಳು" ಅಂತಲೇ ಹೆಸರಿಟ್ಟರು. ನಾನು ಬಳ್ಳಾರಿಯ ಮುಖವನ್ನೇ ನೋಡಿರಲಿಲ್ಲ! ನಮ್ಮ ಹಣೆಬರಹವೇ ಅಷ್ಟು. ಆಚೆ ಕರ್ನಾಟಕಕ್ಕೆ ಹೋದರೆ ಆಂಧ್ರದವರು, ಅನಂತಪುರದ ಆಫೀಸಿಗೆ ಹೋದರೆ ಕನ್ನಡದವರು.

ಪಕ್ಕದ ಮನೆಯ ಉಜ್ಜಿನಮ್ಮ ಮಾತ್ರ ಒಂದು ಸಂಜೆ ಒಂದು ಬಟ್ಟಲು ಸೊಪ್ಪಿನ ಸಾರು ತಂದು ಬಾಗಿಲಲ್ಲಿಟ್ಟು, ಮಾತಾಡದೆ ಹೋದಳು. ಮಾರನೇ ದಿನ ಆ ಬಟ್ಟಲಿಗೆ ನಮ್ಮ ಕಡೆಯ ಗುರೆಳ್ಳು ಚಟ್ನಿಪುಡಿ ತುಂಬಿ ಕೊಟ್ಟೆ. ಅವತ್ತಿನಿಂದ ಆ ಬಟ್ಟಲು ನಮ್ಮಿಬ್ಬರ ಮನೆ ನಡುವೆ ತಿರುಗುತ್ತಲೇ ಇದೆ. ಅದು ಯಾರದು ಅನ್ನೋದೇ ಈಗ ಇಬ್ಬರಿಗೂ ಮರೆತಿದೆ.

ನಿನಗೆ ಹೇಳುವುದು ಇಷ್ಟೆ. ಯಾರ ಮನೆಯಿಂದ ಏನು ಬಂದರೂ ಬೇಡ ಅನ್ನಬೇಡ. ಬಂದ ಪಾತ್ರೆಯನ್ನ ಬರಿದಾಗಿ ವಾಪಸ್ ಕೊಡಬೇಡ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ನಿನ್ನ ಎರ್ರಪ್ಪ ಮಾವನಿಗೆ ಎಡೆ ಇಡಬೇಕು. ಎಷ್ಟು ಖಾರ ಹಾಕಿದರೂ ಸಪ್ಪೆ ಅನ್ನುತ್ತಿದ್ದ ಮನುಷ್ಯ. ಸತ್ತ ಮೇಲಾದರೂ ಸುಮ್ಮನೆ ತಿನ್ನಲಿ.

ಅತ್ತೆ


ರೊಮೇನಿಯಾ
28 ಸೆಪ್ಟೆಂಬರ್ 2025

ಅತ್ತೆಗೆ ನಮಸ್ಕಾರ.

ನಿನ್ನ ಕಾಗದ ಓದಿ ಚಂದ್ರಕಲಾ ಬಿದ್ದು ಬಿದ್ದು ನಕ್ಕಳು. ಅವಳಿಗೂ ಒಬ್ಬ ಅತ್ತೆ ಬೇಕಂತೆ, ನಿನ್ನಂಥವಳೇ.

ಇಲ್ಲಿ ಎಲ್ಲ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಚಳಿ ಶುರುವಾಗಿದೆ. ಮರದ ಎಲೆಗಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿವೆ. ನಮ್ಮ ಲೈನಿನ ಸೂಪರ್‌ವೈಸರ್ ದಾನಾ ಅಂತ, ಇದೇ ಊರಿನ ಹುಡುಗಿ, ನನ್ನ ಹೊಲಿಗೆ ಎಲ್ಲರಿಗೂ ತೋರಿಸಿದಳು. ಅವಳಿಗೆ ಇಂಗ್ಲಿಷ್ ಬರುತ್ತದೆ, ಚಂದ್ರಕಲಾಗೂ ಸ್ವಲ್ಪ ಬರುತ್ತದೆ, ಹಾಗಾಗಿ ಮಾತು ನಡೆಯುತ್ತದೆ. ಉಳಿದಂತೆ ಫೋನಿನಲ್ಲಿ ಕನ್ನಡ ಹೇಳಿದರೆ ಅದೇ ಇವರ ಭಾಷೆಯಲ್ಲಿ ಮಾತಾಡುತ್ತದೆ.

ಕೆಳಗಿನ ಅಜ್ಜಿ ಹೋದ ವಾರ ಒಂದು ತಟ್ಟೆಯಲ್ಲಿ ಬೇಯಿಸಿದ ಗೋಧಿ ತಂದುಕೊಟ್ಟಳು. ನೀನು ಹೇಳಿದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡೆ. ಆಮೇಲಿನದನ್ನು ಇನ್ನೊಮ್ಮೆ ಬರೆಯುತ್ತೇನೆ.

ಮಾವನ ಎಡೆ ಹೇಗಾಯಿತು? ಹೇಮಾ ಏನೇನು ಮಾಡಿದಳು?

ನಾಗವೇಣಿ


ಮಡಕಶಿರಾ
16 ಅಕ್ಟೋಬರ್ 2025

ನಾಗೂ,

ಎಡೆ ಚೆನ್ನಾಗಿಯೇ ಆಯಿತು. ಹೇಮಾ ವಡೆ ಮಾಡಿದಳು.

ನಿನ್ನದು ಹೇಳು. ಎಲೆಯ ಬಣ್ಣ, ಮರದ ಬಣ್ಣ ಬರೆಯುವವಳಲ್ಲ ನೀನು. ಹುಟ್ಟಿದಾಗಿನಿಂದ ನಿನ್ನನ್ನು ನೋಡಿದ್ದೇನೆ, ಅಳು ಬಂದಾಗಲೇ ನೀನು "ಬಹಳ ಚೆನ್ನಾಗಿದೆ" ಅನ್ನುವುದು. ತಟ್ಟೆ ಬಂತು. ಆಮೇಲೆ? ಬರೆ. ಹೇಮಾ ಕಾಲೇಜಿಗೆ ಹೋದ ಮೇಲೆ ಒಬ್ಬಳೇ ಕೂತು ಓದುತ್ತೇನೆ, ಓದಿ ಪೆಟ್ಟಿಗೆಗೆ ಹಾಕುತ್ತೇನೆ.

ಅತ್ತೆ


ರೊಮೇನಿಯಾ
2 ನವೆಂಬರ್ 2025

ಅತ್ತೆ,

ಕೆಲಸ ಕೆಡಿಸಿಕೊಂಡಿದ್ದೇನೆ. ಬೈಯಬೇಡ. ಬೈದರೂ ಪರವಾಗಿಲ್ಲ, ಓದಿ ಬೈ.

ಆ ತಟ್ಟೆಯ ಗೋಧಿಗೆ ಸಕ್ಕರೆ ಬೆರೆಸಿ, ಮೇಲೆ ಅಕ್ರೋಟಿನ ತುಂಡುಗಳಿಂದ ಶಿಲುಬೆ ಬರೆದಿದ್ದರು. ನಡುವೆ ಒಂದು ಚಿಕ್ಕ ಮೇಣದಬತ್ತಿ. ಅಜ್ಜಿ ಫೋಟೋ ಒಂದನ್ನು ತೋರಿಸಿ "ಪೇತ್ರು, ಪೇತ್ರು" ಎಂದಳು. ತೀರಿಹೋದ ಗಂಡ. ಅವಳು ಸದಾ ಕರೀ ಬಟ್ಟೆ ಉಡುವುದೂ ಅದಕ್ಕೇ ಎಂದು ಆಗಲೇ ತಿಳಿದದ್ದು. ಇಷ್ಟು ದಿನ ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವಳು, ಗಂಡನ ವರ್ಷದ ದಿನ ಮೆಟ್ಟಿಲು ಹತ್ತಿ ಬಂದು ನನ್ನ ಕೈಗೆ ತಟ್ಟೆ ಕೊಟ್ಟಳು.

ಇದು ಸತ್ತವರ ಎಡೆ ಎಂದು ಗೊತ್ತಾಯಿತು. ಎಡೆಯನ್ನು ಕಾಗೆ ಮುಟ್ಟುವ ಮುಂಚೆ ನಾವು ಬಾಯಿಗೆ ಹಾಕುವುದುಂಟೇ? ಅಂಗಳಕ್ಕೆ ಹೋಗಿ, ಮೋಟುಗೋಡೆಯನ್ನು ಒರೆಸಿ, ತಟ್ಟೆಯಲ್ಲಿದ್ದುದನ್ನೆಲ್ಲ ಕಾಗದದ ಮೇಲೆ ಸುರಿದೆ. ಕೈ ಮುಗಿದು "ಕಾ, ಕಾ" ಎಂದು ಕರೆದೆ. ಇಲ್ಲಿಯ ಕಾಗೆಗೆ ಬೂದುಬಣ್ಣದ ಹೊಟ್ಟೆ, ಬನಿಯನ್ ಹಾಕಿಕೊಂಡಂತೆ. ನಾನು ಹಿಂದಕ್ಕೆ ಸರಿಯುವುದರೊಳಗೇ ಬಂದು ಬಾಯಿ ಹಾಕಿತು, ಹಾಳಾದ್ದು. ಅಷ್ಟರಲ್ಲಿ ಕಿಟಕಿ ತೆರೆಯಿತು. ಅಜ್ಜಿ ನೋಡಿದಳು. ಆ ಮುಖ ಈಗಲೂ ಕಣ್ಣಮುಂದಿದೆ. ಕಿಟಕಿ ಮುಚ್ಚಿದ ಸದ್ದಿಗೆ ಕಾಗೆ ಹಾರಿಹೋಯಿತು.

ಚಂದ್ರಕಲಾ ದಾನಾಳನ್ನು ಕೇಳಿಕೊಂಡು ಬಂದು ತಲೆ ತಲೆ ಬಡಿದುಕೊಂಡಳು. "ಏನ್ ಕೆಲಸ ಮಾಡಿದಿ ಅಕ್ಕಾ! ಅದನ್ನ ಇಸಕೊಂಡೋರು ತಿನ್ನಬೇಕಂತ. ನಾವು ತಿಂದ್ರ ಸತ್ತೋರಿಗೆ ಮುಟ್ಟತೈತಂತ. ನೀ ಅವರ ಗಂಡನ ಅನ್ನ ಹಕ್ಕಿಗೆ ಚೆಲ್ಲಿದಂಗಾತು."

ಕೆಳಗೆ ಹೋಗಿ, ಫೋನಿನಲ್ಲಿ "ಕ್ಷಮಿಸಿ, ತಪ್ಪಾಯಿತು" ಎಂದು ಹೇಳಿಸಿದೆ. ಬಾಗಿಲ ಸಂದಿಯಿಂದ ಕೇಳಿ ಮುಚ್ಚಿದಳು. ಮತ್ತೆ ಹೋದೆ, ತೆರೆಯಲಿಲ್ಲ. ಈಗ ಯಾರೂ ನಮ್ಮನ್ನು ಮಾತಾಡಿಸುವುದಿಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಯಾರೋ ಬೀದಿಯಲ್ಲಿಟ್ಟು ಹೋಗುತ್ತಾರೆ. ಮೂರನೇ ಮಹಡಿಯವನು ನನ್ನನ್ನು ಕಂಡರೆ ಕಾಗೆಯಂತೆ ಕೂಗುತ್ತಾನೆ.

ಡಿಸೆಂಬರ್ ಮೊದಲ ಭಾನುವಾರಕ್ಕೆ ಇನ್ನು ಒಂದು ತಿಂಗಳು. ಆ ಅಜ್ಜಿ ಬೇಡವೆಂದರೆ ಬೇಡವೇ. ನನ್ನಿಂದ ನಾಲ್ವರೂ ಹೋಗಬೇಕು. ಚಂದ್ರಕಲಾ ಈಗ ಬೈಯುವುದನ್ನೂ ಬಿಟ್ಟಿದ್ದಾಳೆ, ಅದೇ ನನಗೆ ಹೆಚ್ಚು ನೋವು. ತಟ್ಟೆ ಇನ್ನೂ ನನ್ನ ಹತ್ತಿರವೇ ಇದೆ. ಕೊಡಲು ಮುಖವಿಲ್ಲ.

ನೇಮಕಲ್ಲು ಆಂಜನೇಯನಿಗೆ ಹರಕೆ ಕಟ್ಟಿಕೊಂಡಿದ್ದೇನೆ. ನೀನೂ ಒಂದು ಕಾಯಿ ಒಡೆಸು.

ನಾಗೂ


ಮಡಕಶಿರಾ
18 ನವೆಂಬರ್ 2025

ನಾಗೂ,

ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಕೈಗೆ ಸಿಕ್ಕ ಕೂಡಲೇ ಓದು, ಓದಿದ ಕೂಡಲೇ ಏಳು.

ಕಾಗೆಗೆ ಹಾಳಾದ್ದು ಅಂತೀಯಾ? ನಿನ್ನ ಬಾಯಿಗೆ ಬರೆ ಹಾಕಬೇಕು. ಕರೆದ ಕೂಡಲೇ ಬಂದು ಮುಟ್ಟಿತು ಅಂತ ನೀನೇ ಬರೆದಿದ್ದೀ. ಅಂಥಾ ಮಾತನ್ನ ಒಂದು ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿದ್ದೀಯಲ್ಲೇ, ಹುಚ್ಚಿ!

ಈಗ ನನ್ನದು ಕೇಳು. ಎಡೆ ಚೆನ್ನಾಗಿ ಆಯಿತು ಅಂತ ಬರೆದಿದ್ದೆ. ಸುಳ್ಳು. ಮಾಳಿಗೆಯ ಮೇಲೆ ಎಲೆ ಇಟ್ಟು ಕಾದೆವು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಒಂದು ಕಾಗೆಯೂ ಈ ಕಡೆ ಸುಳಿಯಲಿಲ್ಲ. ಮನೆಮಂದಿಯೆಲ್ಲ ಹಸಿದು ಕೂತಿದ್ದರು. ನಿನ್ನ ಮಾವನ ತಮ್ಮ ಬಾಲರಾಜು, ನನಗೆ ಕೇಳಲಿ ಅಂತ ಬಾಯಿಗೆ ಕೈ ಅಡ್ಡ ಇಟ್ಟು ಕೂಗಿದ: "ವದಿನಮ್ಮಾ, ಅಣ್ಣಂಗೆ ಸಿಟ್ಟು ಬಂದೈತೆ! ಹೆಣ್ಮಗಳನ್ನ ಕಾಣದ ದೇಶಕ್ಕೆ ಕಳ್ಸಿದ್ದು ನೀನೇ ಅಲ್ವಾ!" ನನಗೂ ಕೇಳಿಸಿತು, ಬೀದಿಗೂ ಕೇಳಿಸಿತು. ಕೊನೆಗೆ ಎಲೆ ಎತ್ತಿ ಹಸುವಿಗೆ ಹಾಕಿದೆವು. ಅವತ್ತಿನಿಂದ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ನಿನ್ನನ್ನು ಕಳಿಸಿ ತಪ್ಪು ಮಾಡಿದೆನಾ ಅಂತ ದಿನಾ ಅವನ ಫೋಟೋವನ್ನ ಕೇಳುತ್ತೇನೆ. ಬದುಕಿದ್ದಾಗಲೇ ಉತ್ತರ ಕೊಡದವನು ಈಗ ಕೊಡುತ್ತಾನಾ?

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಕಾಗೆ ಮುಟ್ಟದಿದ್ದರೆ ಹೇಗಿರುತ್ತೆ ಅಂತ ನಿನಗೆ ತಿಳಿಯಲಿ ಅಂತ. ಆ ಎಲೆನಾ ನನ್ನಂಥವಳೇ. ಒಬ್ಬಳೇ ಗೋಧಿ ಬೇಯಿಸಿಕೊಂಡು, ಅವನಿಗೆ ಮುಟ್ಟಲಿ ಅಂತ ಮೆಟ್ಟಿಲು ಹತ್ತಿ ಬಂದಳು. ಅದು ಮುಟ್ಟಿತು! ಅದನ್ನ ಕಣ್ಣಾರೆ ಕಂಡವಳು ನೀನು. ಅದನ್ನ ಹೇಳದೆ ಕ್ಷಮಿಸಿ ಕ್ಷಮಿಸಿ ಅಂತ ಅವಳ ಬಾಗಿಲು ಬಡಿದಿದ್ದೀ. ಯಾವ ತಪ್ಪಿಗೆ ಕ್ಷಮೆ? ನೀನು ಹೋಗಬೇಕಾದ್ದು ಒಳ್ಳೆ ಸುದ್ದಿ ತಂದವಳ ಹಾಗೆ. ಕಳ್ಳಿಯ ಹಾಗೆ ಅಲ್ಲ.

ತಟ್ಟೆ ತೊಳೆದು ಹೋಳಿಗೆ ಮಾಡಿ ತುಂಬು. ಬೇಳೆ ಸಿಗದಿದ್ದರೆ ಏನು ಸಿಕ್ಕರೆ ಅದರ ಸಿಹಿ ಮಾಡು. ಬರಿ ತಟ್ಟೆ ಹಿಡಿದು ಹೋದೆಯೋ, ನೀನು ನನ್ನ ತಮ್ಮನ ಮಗಳೇ ಅಲ್ಲ.

ಅತ್ತೆ


ರೊಮೇನಿಯಾ
14 ಡಿಸೆಂಬರ್ 2025

ನನ್ನ ಅತ್ತೆಗೆ, ಅಲ್ಲಿಂದಲೇ ನಿನ್ನ ಕಾಲು ಮುಂದಕ್ಕೆ ಚಾಚು, ಮೊದಲು ನಮಸ್ಕಾರ ಮಾಡುತ್ತೇನೆ.

ನಿನ್ನ ಕಾಗದ ಸಭೆಗೆ ಮೂರು ದಿನ ಮುಂಚೆ ಬಂತು. ಓದಿ ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟೆ. ನಿನ್ನ ಮಾಳಿಗೆಯ ಎಲೆ ನೆನೆಸಿಕೊಂಡು ಅತ್ತೆ, ನನ್ನ ದಡ್ಡತನಕ್ಕೂ ಅತ್ತೆ. ಶನಿವಾರ ಬೆಳಿಗ್ಗೆ ಚಂದ್ರಕಲಾ ಊರಿನಿಂದ ತಂದಿದ್ದ ಕಡಲೆಬೇಳೆ ತೆಗೆದಳು. ಬೆಲ್ಲವಿರಲಿಲ್ಲ, ಸಕ್ಕರೆ ಹಾಕಿದೆವು. ಲಟ್ಟಣಿಗೆ ಇರಲಿಲ್ಲ, ಎಣ್ಣೆ ಸವರಿದ ಕವರಿನ ಮೇಲೆ ಕೈಯಲ್ಲೇ ತಟ್ಟಿದೆವು. ಹೋಳಿಗೆ ಅಂಕುಡೊಂಕಾಯಿತು, ಆದರೆ ಹೋಳಿಗೆಯೇ.

ಅಜ್ಜಿ ಬಾಗಿಲ ಸಂದಿಯಿಂದ ನೋಡಿದಳು. ಅವಳ ಕಣ್ಣು ಮೊದಲು ತಟ್ಟೆಯ ಮೇಲೆ ಬಿತ್ತು. ನಾನು ಕ್ಷಮೆ ಕೇಳಲಿಲ್ಲ. ಫೋನನ್ನು ಬಾಯಿಗೆ ಹಿಡಿದು ನಮ್ಮ ಮಾತಿನಲ್ಲೇ ಹೇಳಿದೆ: "ಅವ್ವಾ, ನಮ್ಮ ಕಡಿ ಸತ್ತೋರು ಕಾಗಿ ಆಗಿ ಉಣ್ಣಾಕ ಬರ್ತಾರ. ಕಾಗಿ ಮುಟ್ಟಲಿಲ್ಲಂದ್ರ ಮನಿಯೋರೆಲ್ಲ ಅಳ್ತಾರ. ನಿನ್ನ ಪೇತ್ರು ನಾ ಕರೆದ ಕೂಡಲೇ ಬಂದ. ಹೊಟ್ಟಿ ತುಂಬ ಉಂಡ. ಇದನ್ನ ನಿನಗ ಅವತ್ತೇ ಹೇಳಬೇಕಾಗಿತ್ತು."

ಫೋನು ಅವಳ ಭಾಷೆಯಲ್ಲಿ ಹೇಳಿತು. ಅದು ಎಷ್ಟು ಸರಿಯಾಗಿ ಹೇಳಿತೋ ದೇವರೇ ಬಲ್ಲ. ಅಜ್ಜಿ ಇನ್ನೊಮ್ಮೆ ಹೇಳಿಸು ಎಂದು ಸನ್ನೆ ಮಾಡಿದಳು. ಇನ್ನೊಮ್ಮೆ ಕೇಳಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಆಮೇಲೆ ಫೋನಿಗೆ ಏನೋ ಹೇಳಿದಳು. ಅದು ಕನ್ನಡದಲ್ಲಿ ಕೇಳಿತು: "ಅವನು ಕರೆದ ತಕ್ಷಣ ಬಂದನೇ?" ಹೌದೆಂದು ತಲೆಯಾಡಿಸಿದೆ. ಅವಳು ನಗತೊಡಗಿದಳು ಅತ್ತೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅವನೇ. ಎಲ್ಲರೂ ಕೂಡುವ ಮೊದಲೇ ತಟ್ಟೆಗೆ ಕೈ ಹಾಕುತ್ತಿದ್ದ," ಎಂದಳು. ನನ್ನನ್ನು ಒಳಗೆ ಕರೆದಳು. ಹೋಳಿಗೆ ಮುರಿದು ನನ್ನ ಬಾಯಿಗೂ ಇಟ್ಟಳು.

ಭಾನುವಾರದ ಸಭೆಯಲ್ಲಿ ಮೂರನೇ ಮಹಡಿಯವನು ನಮ್ಮ ಒಗ್ಗರಣೆಯ ವಾಸನೆ, ನಮ್ಮ ಪೂಜೆ, ನಮ್ಮ ಕಾಗೆ ಎಂದು ಬಹಳ ಹೊತ್ತು ಮಾತಾಡಿದ. ನಾಲ್ವರೂ ಗೋಡೆಗೆ ಅಂಟಿ ನಿಂತಿದ್ದೆವು. ಚಂದ್ರಕಲಾ ನನ್ನ ಕೈ ಬಿಡಲೇ ಇಲ್ಲ. ಆಗ ಎಲೆನಾ ಅಜ್ಜಿ ಎದ್ದಳು. ಅವಳು ಆಡಿದ್ದನ್ನು ಕಂಪನಿಯ ಪರವಾಗಿ ಬಂದಿದ್ದ ದಾನಾ ಚಂದ್ರಕಲಾಗೆ ಹೇಳಿದಳು, ಚಂದ್ರಕಲಾ ನನ್ನ ಕಿವಿಯಲ್ಲಿ ಹೇಳಿದಳು. "ಈ ಹೆಂಗಸು ನನ್ನ ಗಂಡನಿಗೆ ಊಟ ಹಾಕಿದವಳು. ಇವಳನ್ನು ಕಳಿಸುವುದಾದರೆ ನನ್ನ ಸಾಮಾನನ್ನೂ ಕಟ್ಟಿ."

ಎಲ್ಲರೂ ಕೈ ಎತ್ತಲಿಲ್ಲ. ಆದರೆ ಸಾಕಾಗುವಷ್ಟು ಕೈ ಎದ್ದವು. ನಾವು ಇರುತ್ತೇವೆ ಅತ್ತೆ. ಹೇಮಾ ಓದುತ್ತಾಳೆ. ಮೂರನೇ ಮಹಡಿಯವನು ಈಗಲೂ ಮುಖ ತಿರುಗಿಸಿಕೊಂಡೇ ಹೋಗುತ್ತಾನೆ, ಹೋಗಲಿ. ಬೂಟಿಗೆ ಅಂಟಿ ಬಂದ ಮಂಜಿನಿಂದ ಮೆಟ್ಟಿಲು ಜಾರುತ್ತದೆ. ಆ ಕಂಬಿಯ ಮೇಲೆ ನನ್ನ ಕೈ ಇಟ್ಟು, ಅದರ ಮೇಲೆ ತನ್ನ ಕೈ ಇಟ್ಟು ಅಜ್ಜಿ ಕೆಳಗಿಳಿಯುತ್ತಾಳೆ.

ಇನ್ನೊಂದು ಮಾತು, ಇದಕ್ಕಾಗಿಯೇ ಈ ಕಾಗದ. ನಿನ್ನ ಮಾಳಿಗೆಯ ಸಂಗತಿಯನ್ನು ಅಜ್ಜಿಗೆ ಹೇಳಿದೆ. ನೀನು ಸಿಟ್ಟಾದರೂ ಸರಿ, ತಡೆಯಲಾಗಲಿಲ್ಲ. ಅವಳು ಮಾವನ ಹೆಸರು ಕೇಳಿ, ಬಾಯಲ್ಲಿ ಹೇಳಿ ಹೇಳಿ ಕಲಿತಳು. ನಿನ್ನೆ ಎರ್ರಪ್ಪ ಮಾವನಿಗೆಂದು ಗೋಧಿ ಬೇಯಿಸಿದಳು. ಮೇಣದಬತ್ತಿ ಹಚ್ಚಿದಳು. ಅವರ ಪದ್ಧತಿಯಲ್ಲಿ ನಾವು ತಿಂದರೆ ಸತ್ತವರಿಗೆ ಮುಟ್ಟುತ್ತದೆ, ಆದ್ದರಿಂದ ಇಬ್ಬರೂ ಒಂದೊಂದು ಚಮಚ ತಿಂದೆವು. ನಮ್ಮ ಪದ್ಧತಿಯಲ್ಲಿ ಕಾಗೆ ಮುಟ್ಟಬೇಕು, ಆದ್ದರಿಂದ ಉಳಿದದ್ದನ್ನು ಗೋಡೆಯ ಮೇಲಿಟ್ಟೆವು. ಯಾವ ದಾರಿಯಲ್ಲಾದರೂ ತಲುಪಲಿ ಎಂದು. ಗೋಡೆಯ ಮೇಲಿನ ಮಂಜನ್ನು ಅಜ್ಜಿಯೇ ತನ್ನ ಕರೀ ವಸ್ತ್ರದಲ್ಲಿ ಒರೆಸಿದಳು.

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಅಜ್ಜಿ ಮುಂದೆ ಹೋಗಿ, ನನ್ನ ಹಾಗೆಯೇ ಕೈ ಮುಗಿದು, "ಕಾ, ಕಾ, ಎರಪಾ" ಎಂದು ಕೂಗಿದಳು. ಕಿಟಕಿಗಳಲ್ಲಿ ಜನ ನೋಡುತ್ತಿದ್ದರು.

ಕಾಗೆ ಬಂತು ಅತ್ತೆ. ದೊಡ್ಡ ಕಾಗೆ. ಗೋಡೆಯ ಮೇಲೆ ಆ ಕಡೆ ಈ ಕಡೆ ಓಡಾಡಿ, ನಮ್ಮಿಬ್ಬರನ್ನೂ ಓರೆಯಾಗಿ ನೋಡಿ, ಬಾಯಿ ಹಾಕಿತು. ಸಾವಕಾಶವಾಗಿ ತಿಂದಿತು. ಮಾವನಿಗೆ ಸಿಟ್ಟಿಲ್ಲ. ಬಾಲರಾಜು ಮಾವನಿಗೆ ಹೇಳು.

ನಿನ್ನ
ನಾಗೂ


ಮಡಕಶಿರಾ
6 ಜನವರಿ 2026

ನಾಗೂ,

ಕಾಗದವನ್ನ ಪೆಟ್ಟಿಗೆಗೆ ಹಾಕಲಿಲ್ಲ. ಈ ಸಲ ಹೇಮಾಳ ಕೈಗೇ ಕೊಟ್ಟೆ. ಬಾಲರಾಜುವಿನ ಜಗಲಿಯ ಮೇಲೆ ಕೂತು, ಬೀದಿಗೆಲ್ಲ ಕೇಳುವ ಹಾಗೆ ಓದು ಅಂದೆ. ಓದಿದಳು. ನೀನು ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ನಡುನಡುವೆ ಅತ್ತಳು, ನಿನ್ನ ಮೇಲೆ ಸಿಟ್ಟಾಗಿದ್ದಾಳೆ, ನೀವಿಬ್ಬರೂ ನೋಡಿಕೊಳ್ಳಿ. ಬಾಲರಾಜು ಕೇಳಿಸಿಕೊಂಡು ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ಇರಲಿ ಬಿಡು ವದಿನಮ್ಮಾ, ಒಳ್ಳೇದಾತು" ಅಂದ. ಇದನ್ನ ಮಾತ್ರ ಮೆಲ್ಲಗೆ ಅಂದ. ನಾನು ತುಟಿ ನೋಡಿ ತಿಳಿದುಕೊಂಡೆ.

ಉಜ್ಜಿನಮ್ಮ ನಮ್ಮ ಬಟ್ಟಲಿನ ತುಂಬ ಪಾಯಸ ತಂದಳು. ಅಮಾವಾಸ್ಯೆಯಾದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ. ನಿನಗೆ ಏನು ಹೇಳಲಿ ನಾಗೂ, ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆ ಎಲೆನಾಳ ಹೊಟ್ಟೆ ತಣ್ಣಗಿರಲಿ.

ನಿನ್ನ ಮಾವ ಇಲ್ಲಿ ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಯಿತು. ಓಬಳಾಪುರದ ಅದಿರು ಲಾರಿ ಓಡಿಸುತ್ತಿದ್ದ ಮನುಷ್ಯ, ಬದುಕಿದ್ದಾಗ ಯಾವ ಹಬ್ಬಕ್ಕೆ ಸರಿಯಾಗಿ ಮನೆಗೆ ಬಂದಿದ್ದ? ನಾನು ಮಾಳಿಗೆ ಹತ್ತಿ ಕಾಯುತ್ತಿದ್ದರೆ ಅವನು ನಿನ್ನ ಹಿಂದೆಯೇ ಹೊರಟು, ನೀನು ಸುಖವಾಗಿದ್ದೀಯಾ ಅಂತ ನೋಡಲು ಅಲ್ಲಿಗೇ ಹೋಗಿ ಕೂತಿದ್ದ, ಕಳ್ಳ. ಹೇಳಿ ಹೋಗುವ ಬುದ್ಧಿ ಅವತ್ತೂ ಇರಲಿಲ್ಲ.

ಅವಳಿಗೆ ಹೇಳು, ಬರುವ ಮಹಾಲಯಕ್ಕೆ ನಾನು ಮಾಳಿಗೆಯ ಮೇಲೆ ಎರಡು ಎಲೆ ಹಾಕುತ್ತೇನೆ, ಒಂದು ಪೇತ್ರುವಿಗೆ. ನಮ್ಮ ಕಡೆಯ ಅಡುಗೆ ಅವನಿಗೆ ಹೊಸದು, ಹೊರಗಿನವನು ಅಂತ ಸಂಕೋಚಪಟ್ಟುಕೊಂಡು ಹಸಿದು ಹೋಗಬಾರದು. ಅವನು ಎಷ್ಟು ಖಾರ ತಿನ್ನುತ್ತಿದ್ದ, ಕೇಳಿ ಬರೆ.

ಅತ್ತೆ